ಸೀಸ್ಟಾರ್ ಎಸ್50: ತಿಪಟೂರಿನ ತೋಟದಿಂದ ಒಂದು ಸುರುಳಿ ಗೆಲಾಕ್ಸಿ

ಸೀಸ್ಟಾರ್ ಎಸ್50 ಎಂಬ, ತಾನೇ ಆಕಾಶದ ಫೋಟೊ ತೆಗೆಯುವ ಪುಟ್ಟ ದೂರದರ್ಶಕವನ್ನು ಕೊಳ್ಳಬೇಕೆಂದಿರುವವರು ಅದರ ಲೆನ್ಸು, ಬ್ಯಾಟರಿ, ಬೆಲೆ ಎಲ್ಲವನ್ನೂ ನೋಡುವ ಮುಂಚೆ ತಮ್ಮ ಊರಿನ ಅಕ್ಷಾಂಶ ಎಷ್ಟೆಂದು ನೋಡಿಕೊಳ್ಳುವುದು ಒಳ್ಳೆಯದು. ಇದರ ಬಗ್ಗೆ ನಾನು ಯೂಟ್ಯೂಬಿನಲ್ಲಿ ನೋಡಿದ ವಿಮರ್ಶೆಗಳಲ್ಲಿ ಹೆಚ್ಚಿನವು ನಲವತ್ತು, ಐವತ್ತು ಡಿಗ್ರಿ ಉತ್ತರದಲ್ಲಿರುವ ಊರುಗಳವು. ಅಲ್ಲಿಯವರಿಗೆ ಧ್ರುವ ನಕ್ಷತ್ರ ಮನೆಯ ಚಾವಣಿಗಿಂತ ಎಷ್ಟೋ ಮೇಲೆ ನಿಂತಿರುತ್ತದೆ. ನನ್ನ ಊರು ತಿಪಟೂರು. 13 ಡಿಗ್ರಿ ಚಿಲ್ಲರೆ. ಇಲ್ಲಿ ಧ್ರುವ ನಕ್ಷತ್ರ ತೆಂಗಿನ ಗರಿಗಳ ಹಿಂದೆ ಅವಿತಿರುತ್ತದೆ. ಈ ವ್ಯತ್ಯಾಸದಿಂದ ನಮಗೆ ಒಂದು ಕಡೆ ಭಾರಿ ಲಾಭ, ಇನ್ನೊಂದು ಕಡೆ ಸಾಕಷ್ಟು ಪೇಚಾಟ. ಎರಡರ ಬಗ್ಗೆಯೂ ಆ ವಿಮರ್ಶೆಗಳು ಬಾಯಿ ಬಿಡುವುದಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನದು ಫೋಟೊ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ, ಉಳಿದ ದಿನಗಳಲ್ಲಿ ಪಾಸ್‌ಪೋರ್ಟ್ ಫೋಟೊ ಮತ್ತು ಲ್ಯಾಮಿನೇಶನ್. ಖಗೋಳದ ಪಾಠ ಓದಿದವನಲ್ಲ, ಆದರೆ ಕತ್ತಲಲ್ಲಿ ಬೆಳಕನ್ನು ಹೇಗೆ ಒಟ್ಟು ಮಾಡಬೇಕು ಎನ್ನುವುದು ನನ್ನ ಹೊಟ್ಟೆಪಾಡು. ಹಾಗಾಗಿ ಈ ವಿಮರ್ಶೆ ಫೋಟೊದವನ ವಿಮರ್ಶೆ. ಗ್ರಹಗಳನ್ನು ನೋಡುವ ಆಸೆಯಿಂದ ಇದನ್ನು ಕೊಳ್ಳುವವರಿಗೆ ಮೊದಲೇ ಹೇಳುತ್ತೇನೆ: ಬೇಡ. ಶನಿಯ ಬಳೆ ಇದೆ ಎಂದು ಗೊತ್ತಾಗುತ್ತದೆ, ಅಷ್ಟೇ. ಇದು ನೀಹಾರಿಕೆ, ಗೆಲಾಕ್ಸಿಗಳ ಯಂತ್ರ.

ಕೈಯಲ್ಲಿ ಹಿಡಿದರೆ ಎರಡೂವರೆ ಕಿಲೋ. ಒಳಗಿರುವುದು ಮೂರು ಗಾಜಿನ ಅಪೊಕ್ರೊಮ್ಯಾಟಿಕ್ ಲೆನ್ಸು, ಅಂದರೆ ಅಂಚುಗಳಲ್ಲಿ ಬಣ್ಣ ಚದುರದಂತೆ ತಡೆಯುವಂಥದ್ದು. 50 ಮಿಲಿಮೀಟರ್ ವ್ಯಾಸ, 250 ಮಿಲಿಮೀಟರ್ ಫೋಕಲ್ ಲೆಂತ್, ಅಂದರೆ ಎಫ್/5. ನಮ್ಮ ವೃತ್ತಿಯಲ್ಲಿ 250 ಮಿಲಿಮೀಟರ್ ಲೆನ್ಸು ಏನೂ ದೊಡ್ಡದಲ್ಲ, ವೇದಿಕೆಯ ಕೆಳಗಿನಿಂದ ಮಾಂಗಲ್ಯಧಾರಣೆ ತೆಗೆಯುವುದಕ್ಕೆ ಬಳಸುವಂಥದ್ದು. ಸೆನ್ಸರ್ ಸೋನಿಯ ಐಎಂಎಕ್ಸ್462. 1920 ಅಡ್ಡ, 1080 ಉದ್ದ, ಒಟ್ಟು ಎರಡೇ ಮೆಗಾಪಿಕ್ಸೆಲ್. ಮದುವೆಗೆ ನಾನು ಒಯ್ಯುವ ಕ್ಯಾಮೆರಾ 24 ಮೆಗಾಪಿಕ್ಸೆಲ್. ಈ ಅಂಕಿ ನೋಡಿ ಮೂಗು ಮುರಿಯುವವರು ಇದ್ದಾರೆ. ಆದರೆ ಮದುವೆ ಕ್ಯಾಮೆರಾಗೆ ಭೂಮಿ ತಿರುಗುವುದು ಗೊತ್ತಿಲ್ಲ. ಟ್ರೈಪಾಡಿನ ಮೇಲೆ 200 ಮಿಲಿಮೀಟರಿನಲ್ಲಿಟ್ಟು ಎರಡು ಸೆಕೆಂಡು ತೆರೆದರೆ ಸಾಕು, ನಕ್ಷತ್ರಗಳೆಲ್ಲ ಗೆರೆಗಳಾಗುತ್ತವೆ. ಸೀಸ್ಟಾರಿನ ಬೆಲೆಯಲ್ಲಿ ನಾವು ಕೊಡುವುದು ಬರೀ ಗಾಜಿಗಲ್ಲ. ಆಕಾಶದ ಜೊತೆಗೆ ತಿರುಗುವ ಮೋಟರು, ತಾನೇ ಫೋಕಸ್ ಮಾಡಿಕೊಳ್ಳುವ ವ್ಯವಸ್ಥೆ, ಇಬ್ಬನಿ ಕೂರದಂತೆ ಲೆನ್ಸನ್ನು ಬೆಚ್ಚಗಿಡುವ ಹೀಟರು, ಫಿಲ್ಟರು, 64 ಜಿಬಿ ಸಂಗ್ರಹ, ಬ್ಯಾಟರಿ ಎಲ್ಲವೂ ಒಂದೇ ಡಬ್ಬಿಯೊಳಗಿವೆ. ಸೂರ್ಯನನ್ನು ತೆಗೆಯುವುದಕ್ಕೆ ಬೇರೆ ಫಿಲ್ಟರನ್ನೂ ಚಿಕ್ಕ ಕಾರ್ಬನ್ ಟ್ರೈಪಾಡನ್ನೂ ಜೊತೆಗೇ ಕೊಡುತ್ತಾರೆ. 2023ರಲ್ಲಿ ಹೊರಬಂದಾಗ ಇದರ ಬೆಲೆ 499 ಡಾಲರ್. ಸುಂಕ, ತೆರಿಗೆ, ಮಾರಾಟಗಾರರ ಪಾಲು ಎಲ್ಲ ಸೇರಿ ಇಲ್ಲಿ ಅದಕ್ಕಿಂತ ಸಾಕಷ್ಟು ಹೆಚ್ಚಾಗುತ್ತದೆ.

ಇಲ್ಲದಿರುವುದು ಒಂದೇ, ಕಣ್ಣಿಟ್ಟು ನೋಡುವ ಐಪೀಸು. ನಾನು ಇದನ್ನು ಇಡುವುದು ಮಾವನವರ ತೋಟದಲ್ಲಿ, ಕಾಯಿ ಸುಲಿಯುವ ಕಣದ ಮೇಲೆ. ಮೊದಲ ರಾತ್ರಿ ಅವರು ಟಾರ್ಚು ಹಿಡಿದುಕೊಂಡು ಬಂದು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇಷ್ಟು ದುಡ್ಡು ಸುರಿದು ತಂದಿದ್ದೀರಿ, ಕಣ್ಣಿಡುವುದಕ್ಕೆ ಒಂದು ತೂತೂ ಇಲ್ಲವಲ್ಲ ಅಳಿಯಂದಿರೇ?"

"ಮೊಬೈಲಿನಲ್ಲಿ ಕಾಣುತ್ತದೆ ಮಾವ."

"ಮೊಬೈಲಿನಲ್ಲಿ ಕಾಣುವುದಾದರೆ ಇದು ಯಾಕೆ?"

ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬೆಳಕು ನೇರವಾಗಿ ತಮ್ಮ ಕಣ್ಣಿಗೇ ಬೀಳಬೇಕು ಎನ್ನುವವರು ಆರು ಅಥವಾ ಎಂಟು ಇಂಚಿನ ಡಾಬ್ಸೋನಿಯನ್ ಎಂಬ ಕನ್ನಡಿ ದೂರದರ್ಶಕ ಕೊಳ್ಳುವುದು ಸರಿ. ಆದರೆ ಎಂಟು ಇಂಚಿನ ಕನ್ನಡಿಯಲ್ಲೂ ದೂರದ ಸುರುಳಿ ಗೆಲಾಕ್ಸಿ ಕಣ್ಣಿಗೆ ಕಾಣುವುದು ಬೂದು ಬಣ್ಣದ ಮಸುಕಾಗಿ. ಅದರಲ್ಲಿ ಬಣ್ಣ ಹುಡುಕುವವರಿಗೆ ನಿರಾಸೆ ಖಂಡಿತ. ಬಣ್ಣಕ್ಕೆ ಕ್ಯಾಮೆರಾ ಬೇಕೇ ಬೇಕು.

ಈಗ ನಮ್ಮ ಲಾಭದ ವಿಷಯ. ಫ್ರೆಂಚ್ ಖಗೋಳಜ್ಞ ಮೆಸ್ಯೆ ಮಾಡಿದ ಆಕಾಶದ ಮಸುಕು ವಸ್ತುಗಳ ಪಟ್ಟಿಯಲ್ಲಿ 83ನೆಯದು, ಎಂ83 ಎನ್ನುವ ಸುರುಳಿ ಗೆಲಾಕ್ಸಿ, ಹೈಡ್ರಾ ನಕ್ಷತ್ರಪುಂಜದ ದಕ್ಷಿಣದ ಅಂಚಿನಲ್ಲಿದೆ. ಚಿತ್ತಾ ನಕ್ಷತ್ರವನ್ನು ಗುರುತಿಸಬಲ್ಲವರು ಅಲ್ಲಿಂದ ದಕ್ಷಿಣಕ್ಕೆ ಸುಮಾರು 19 ಡಿಗ್ರಿ ಇಳಿದರೆ ಅದರ ಜಾಗ. ದೂರ ಸುಮಾರು ಒಂದೂವರೆ ಕೋಟಿ ಜ್ಯೋತಿರ್ವರ್ಷ. ನಮಗೆ ಅದು ಮುಖ ತಿರುಗಿಸಿ ಅಂಚು ತೋರಿಸುತ್ತಿಲ್ಲ, ಹೆಚ್ಚುಕಡಿಮೆ ಎದುರಾಗಿಯೇ ನಿಂತಿದೆ. ಆದ್ದರಿಂದ ನಡುವಿನ ಪಟ್ಟಿಯೂ ಅದರ ತುದಿಗಳಿಂದ ಹೊರಡುವ ತೋಳುಗಳೂ ಬಿಡಿಸಿ ಇಟ್ಟಂತೆ ಕಾಣುತ್ತವೆ. ಇದನ್ನು ಮೊದಲು ಕಂಡವನು ನಿಕೊಲಾ ಲೂಯಿ ದ ಲಕಾಯ್ ಎಂಬ ಫ್ರೆಂಚ್ ಖಗೋಳಜ್ಞ, 1752ರಲ್ಲಿ, ಆಫ್ರಿಕದ ದಕ್ಷಿಣ ತುದಿಯ ಕೇಪ್ ಆಫ್ ಗುಡ್ ಹೋಪಿನಿಂದ. ಅವನ ದೂರದರ್ಶಕದ ಬಾಯಿ ಅರ್ಧ ಅಂಗುಲದಷ್ಟಿತ್ತು. 1781ರಲ್ಲಿ ಷಾರ್ಲ್ ಮೆಸ್ಯೆ ಪ್ಯಾರಿಸ್ಸಿನಿಂದ ಇದನ್ನು ನೋಡಿ ತನ್ನ ಪಟ್ಟಿಗೆ ಸೇರಿಸಿದ. ಪ್ಯಾರಿಸ್ಸಿನಲ್ಲಿ ಈ ಗೆಲಾಕ್ಸಿ ಎಷ್ಟೇ ಮೇಲೆ ಬಂದರೂ ದಿಗಂತದಿಂದ 11 ಡಿಗ್ರಿ ದಾಟುವುದಿಲ್ಲ, ಪೂರ್ತಿ ಮಂಜು, ಧೂಳು, ಹೊಗೆಯ ನಡುವೆ. ತಿಪಟೂರಿನಲ್ಲಿ ಅದೇ ಗೆಲಾಕ್ಸಿ 47 ಡಿಗ್ರಿ ಏರುತ್ತದೆ. ರಾತ್ರಿಗೆ ಐದೂವರೆ ಗಂಟೆಗೂ ಹೆಚ್ಚು ಹೊತ್ತು 30 ಡಿಗ್ರಿಗಿಂತ ಮೇಲೆ ಇರುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ ದೊಡ್ಡ ದೂರದರ್ಶಕವನ್ನು ತಮಿಳುನಾಡಿನ ಕಾವಲೂರಿನಲ್ಲಿ ಇಟ್ಟಿರುವುದಕ್ಕೂ ಇಂಥದೇ ಕಾರಣವಿದೆ: ಅಷ್ಟು ಕೆಳಗಿನ ಅಕ್ಷಾಂಶದಿಂದ ದಕ್ಷಿಣದ ಆಕಾಶದ ಬಹುಭಾಗ ಕೈಗೆ ಸಿಗುತ್ತದೆ. ಯುರೋಪಿನವರ ವಿಮರ್ಶೆಗಳಲ್ಲಿ ಸದಾ ಉತ್ತರದ ಆಕಾಶದ ಎಂ51, ಎಂ101 ಗೆಲಾಕ್ಸಿಗಳ ಚಿತ್ರಗಳೇ ಇರುವುದು ಯಾಕೆಂದು ಇನ್ನು ಬಿಡಿಸಿ ಹೇಳಬೇಕಿಲ್ಲ.

ಕಾಲವೂ ಗೊತ್ತಿರಲಿ. ಚೈತ್ರದ ಹುಣ್ಣಿಮೆಯಲ್ಲಿ ಚಂದ್ರ ಚಿತ್ತಾ ನಕ್ಷತ್ರದ ಬಳಿಯೇ ಇರುತ್ತಾನೆ, ಅಂದರೆ ಎಂ83ರ ನೆತ್ತಿಯ ಮೇಲೆಯೇ ದೀಪ ಹಚ್ಚಿಟ್ಟ ಹಾಗೆ. ಅದಕ್ಕೆ ಹದಿನೈದು ದಿನ ಮೊದಲು, ಯುಗಾದಿಯ ಅಮಾವಾಸ್ಯೆಯ ಆಸುಪಾಸು, ಎಲ್ಲಕ್ಕಿಂತ ಒಳ್ಳೆಯ ಸಮಯ. ಮಾರ್ಚ್ ಕೊನೆಯ ವಾರದಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಗೆಲಾಕ್ಸಿ 30 ಡಿಗ್ರಿ ಏರಿರುತ್ತದೆ, ಎರಡಕ್ಕೆ ಸ್ವಲ್ಪ ಮೊದಲು ನೇರ ದಕ್ಷಿಣಕ್ಕೆ ಬರುತ್ತದೆ. ಏಪ್ರಿಲ್ ನಡುವಿನ ಹೊತ್ತಿಗೆ ಮೋಡ ಶುರು, ಮಾವಿನ ಮಳೆ ಶುರು, ನನಗೆ ಮದುವೆಗಳೂ ಶುರು. ಅಕ್ಷಯ ತದಿಗೆ ಹತ್ತಿರವಾದರೆ ನನಗೆ ಆಕಾಶವೂ ಇಲ್ಲ, ನಿದ್ದೆಯೂ ಇಲ್ಲ.

ಕೆಲಸ ನಡೆಯುವ ಬಗೆ ಹೀಗೆ. ಟ್ರೈಪಾಡನ್ನು ಸಮತಟ್ಟಾಗಿ ನಿಲ್ಲಿಸಿ ಗುಂಡಿ ಒತ್ತಬೇಕು, ಮೊಬೈಲಿನ ಆ್ಯಪಿನಲ್ಲಿ ಎಂ83 ಎಂದು ಹುಡುಕಬೇಕು. ಮಡಚಿಕೊಂಡಿದ್ದ ಕೊಳವೆ ಎದ್ದು ನಿಲ್ಲುತ್ತದೆ, ಆಕಾಶದ ಒಂದು ಚಿತ್ರ ತೆಗೆಯುತ್ತದೆ, ಅದರಲ್ಲಿರುವ ನಕ್ಷತ್ರಗಳನ್ನು ತನ್ನ ನಕ್ಷೆಗೆ ಹೋಲಿಸಿ ತಾನು ನೋಡುತ್ತಿರುವ ದಿಕ್ಕನ್ನು ಲೆಕ್ಕ ಹಾಕಿಕೊಂಡು ಸರಿಯುತ್ತದೆ. ಧ್ರುವ ನಕ್ಷತ್ರ ಹುಡುಕುವ ಗೋಜಿಲ್ಲ. ಹತ್ತು ಸೆಕೆಂಡಿನ ಒಂದೊಂದು ಚಿತ್ರ ಬಂದ ಹಾಗೆ ಹಿಂದಿನವುಗಳ ಮೇಲೆ ಕೂಡಿಸುತ್ತ ಹೋಗುತ್ತದೆ.

ಮೊದಲ ಚಿತ್ರದಲ್ಲಿ ಕಾಣುವುದು ಮಸುಕಾದ ಒಂದು ಚುಕ್ಕೆ, ಸುತ್ತ ಕಾಳು ಕಾಳಾದ ನಾಯ್ಸು. ಐದು ನಿಮಿಷಕ್ಕೆ ಆ ಚುಕ್ಕೆ ಉದ್ದವಾಗುತ್ತದೆ, ಅದು ನಡುವಿನ ಪಟ್ಟಿ. ಕಾಲು ಗಂಟೆ ಕಳೆಯುವಷ್ಟರಲ್ಲಿ ಪಟ್ಟಿಯ ಎರಡೂ ತುದಿಗಳಿಂದ ಬಾಗಿದ ಮಂಕು ಗೆರೆಗಳು ಹೊರಡುತ್ತವೆ, ನೋಡುತ್ತಿದ್ದರೆ ಇದೆಯೋ ಇಲ್ಲವೋ ಎಂಬಂತೆ. ಒಂದು ಗಂಟೆಯ ಚಿತ್ರದಲ್ಲಿ ಬಣ್ಣ ಬೇರೆಯಾಗುತ್ತದೆ: ನಡುವೆ ಹಳದಿ, ತೋಳುಗಳಲ್ಲಿ ತಿಳಿನೀಲಿ. ಮೂರು ಗಂಟೆ ದಾಟಿದರೆ ತೋಳುಗಳ ಉದ್ದಕ್ಕೂ ಗುಲಾಬಿ ಬಣ್ಣದ ಚುಕ್ಕಿಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಜಲಜನಕದ ಮೋಡಗಳು ಅವು. ಐದು ಸೆಂಟಿಮೀಟರ್ ಗಾಜಿನಲ್ಲಿ, ಕೊಬ್ಬರಿ ಕಣದ ಮೇಲೆ ಕುಳಿತು, ಬೇರೆ ಗೆಲಾಕ್ಸಿಯೊಂದರ ಹೆರಿಗೆ ಕೋಣೆಗಳನ್ನು ಎಣಿಸಬಹುದು ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಇಲ್ಲಿ ಒಂದು ಲೆಕ್ಕ ತಿಳಿದಿದ್ದರೆ ಕಾಯುವುದು ಸುಲಭ. ಚಿತ್ರ ಎರಡು ಪಟ್ಟು ನಯವಾಗಬೇಕಾದರೆ ನಾಲ್ಕು ಪಟ್ಟು ಹೊತ್ತು ಬೇಕು. ಹತ್ತು ನಿಮಿಷದಿಂದ ನಲವತ್ತಕ್ಕೆ ಹೋದಾಗ ಕಾಣುವ ಸುಧಾರಣೆ ಮತ್ತೊಮ್ಮೆ ಕಾಣಬೇಕಾದರೆ ಎರಡು ಗಂಟೆ ನಲವತ್ತು ನಿಮಿಷ, ಆಮೇಲೆ ಹತ್ತು ಗಂಟೆ ಚಿಲ್ಲರೆ. ಅದಕ್ಕೇ ಒಂದೇ ಗೆಲಾಕ್ಸಿಯ ಮೇಲೆ ಹಲವು ರಾತ್ರಿ ಕೂರುವುದು. ಒಂದು ರಾತ್ರಿಯಲ್ಲಿ ಹತ್ತು ಗೆಲಾಕ್ಸಿಗಳ ಬೆನ್ನು ಹತ್ತುವವರ ಬಳಿ ಹತ್ತು ಮಸುಕು ಚಿತ್ರಗಳಿರುತ್ತವೆ. ಬೆಂಗಳೂರಿನ ರಾಜಾಜಿನಗರದ ನೆಂಟರ ಮನೆಯ ತಾರಸಿಯಿಂದ ಇದೇ ಗೆಲಾಕ್ಸಿಯನ್ನು ತೆಗೆದಾಗ ಸಿಕ್ಕಿದ್ದು ನಡುವಿನ ಹಳದಿ ಮತ್ತು ಪಟ್ಟಿಯ ಒಂದು ಗುಮಾನಿ. ನಗರದಲ್ಲಿ ಆಕಾಶವೇ ಬೆಳಗುತ್ತಿರುವಾಗ ಗಂಟೆಗಟ್ಟಲೆ ಕೂಡಿಸಿದರೂ ತೋಳುಗಳು ಮೇಲೇಳುವುದು ಬಹಳ ನಿಧಾನ.

ಗಾತ್ರದ ವಿಷಯದಲ್ಲಿ ಯಾರೂ ಮೋಸ ಹೋಗಬಾರದು. ಆಕಾಶದಲ್ಲಿ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು ಆರ್ಕ್‌ಮಿನಿಟ್, ಅದರ ಅರವತ್ತನೇ ಒಂದು ಪಾಲು ಆರ್ಕ್‌ಸೆಕೆಂಡ್. ಈ ಯಂತ್ರದ ಒಂದು ಪಿಕ್ಸೆಲ್ ಅಂದರೆ ಆಕಾಶದ 2.4 ಆರ್ಕ್‌ಸೆಕೆಂಡ್. ಎಂ83ರ ಅಗಲ ಸುಮಾರು 13 ಆರ್ಕ್‌ಮಿನಿಟ್, ಅಂದರೆ ಚಿತ್ರದಲ್ಲಿ ಅದಕ್ಕೆ ಸಿಗುವುದು ಮುನ್ನೂರು ಚಿಲ್ಲರೆ ಪಿಕ್ಸೆಲ್. ನನ್ನ ಪ್ರಿಂಟರಿನಲ್ಲಿ ಅಂಗುಲಕ್ಕೆ 300 ಚುಕ್ಕಿಗಳಂತೆ ತೆಗೆದರೆ ಗೆಲಾಕ್ಸಿಯ ಅಗಲ 2.7 ಸೆಂಟಿಮೀಟರ್. ಪಾಸ್‌ಪೋರ್ಟ್ ಫೋಟೊದ ಅಗಲ 3.5 ಸೆಂಟಿಮೀಟರ್! ಒಂದೂವರೆ ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯನ್ನು ಎಂಟು ಪ್ರತಿಯ ಹಾಳೆಯಲ್ಲಿ ಮುದ್ರಿಸಿ ಕತ್ತರಿಸಿ ಲಕೋಟೆಗೆ ಹಾಕಿಕೊಡಬಹುದು. ಗೋಡೆಗೆ ಹಾಕುವ ಹನ್ನೆರಡು ಹದಿನೆಂಟು ಅಂಗುಲದ ಚೌಕಟ್ಟಿನ ಕನಸು ಇದ್ದವರು ಈ ಯಂತ್ರವನ್ನು ಬಿಟ್ಟುಬಿಡಿ. ಮೊಬೈಲಿನ ಪರದೆಯಲ್ಲಿ, ಆಲ್ಬಮ್ಮಿನ ಒಂದು ಮೂಲೆಯಲ್ಲಿ ಚೆನ್ನಾಗಿ ಕೂರುತ್ತದೆ.

ಈಗ ಪೇಚಾಟದ ಕಡೆಗೆ. ಈ ಯಂತ್ರ ಮಾಮೂಲಿ ಸ್ಥಿತಿಯಲ್ಲಿ ಅಡ್ಡಕ್ಕೂ ಮೇಲಕ್ಕೂ ಸರಿಯುತ್ತ ಗೆಲಾಕ್ಸಿಯನ್ನು ನಡುವೆ ಹಿಡಿದಿಡುತ್ತದೆ, ಆದರೆ ಆ ನಡುವಿನ ಸುತ್ತ ಆಕಾಶದ ಚೌಕಟ್ಟು ತಾನಾಗಿ ನಿಧಾನವಾಗಿ ತಿರುಗುತ್ತಿರುತ್ತದೆ. ಹೀಗೆ ತಿರುಗುವ ವೇಗ ಅಕ್ಷಾಂಶ ಕಡಿಮೆಯಾದಷ್ಟೂ ಹೆಚ್ಚು. ಆಕಾಶದ ಅದೇ ದಿಕ್ಕು, ಅದೇ ಎತ್ತರ ನೋಡಿಕೊಂಡರೆ ಲಂಡನ್ನಿನಲ್ಲಿ ಇರುವುದಕ್ಕಿಂತ ನಮ್ಮಲ್ಲಿ ಒಂದೂವರೆ ಪಟ್ಟು. ಎಂ83 ನೇರ ದಕ್ಷಿಣದಲ್ಲಿರುವಾಗ ಗಂಟೆಗೆ 21 ಡಿಗ್ರಿಯಷ್ಟು ತಿರುಗುತ್ತದೆ. ಹತ್ತು ಸೆಕೆಂಡಿನ ಚಿತ್ರದಲ್ಲಿ ಮೂಲೆಯ ನಕ್ಷತ್ರ ಒಂದು ಪಿಕ್ಸೆಲ್ಲಿನಷ್ಟು ಬಳಿಯುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಮೂವತ್ತು ಸೆಕೆಂಡಿಗೆ ಇಟ್ಟರೆ ಮೂರು ಪಿಕ್ಸೆಲ್ ದಾಟಿ ಚುಕ್ಕೆಗಳು ಬಾಲ ಬಿಡುತ್ತವೆ. ಆದರೆ ಇದು ಮೂಲೆಯ ಮಾತು. ಗೆಲಾಕ್ಸಿ ಇರುವುದು ನಟ್ಟನಡುವೆ, ಅದರ ಅಂಚಿನಲ್ಲಿ ಆಗುವ ಬಳಿತ ಅರ್ಧ ಪಿಕ್ಸೆಲ್ಲೂ ಇಲ್ಲ. ಹೇಗೂ ಕೊನೆಗೆ ಸುತ್ತಲಿನದನ್ನು ಕತ್ತರಿಸಿ ಗೆಲಾಕ್ಸಿಯನ್ನು ಮಾತ್ರ ಉಳಿಸಿಕೊಳ್ಳುವವನು ನಾನು, ಆದ್ದರಿಂದ ಗಾಳಿಯಿಲ್ಲದ ರಾತ್ರಿ ಇಪ್ಪತ್ತು ಸೆಕೆಂಡಿಗೇ ಇಡುತ್ತೇನೆ. ಗಾಳಿ ಬೀಸಿದರೆ ಹತ್ತು. ಅಲುಗಿದ ಚಿತ್ರಗಳನ್ನು ಯಂತ್ರ ತಾನೇ ಬಿಸಾಡುತ್ತದೆ, ಎಷ್ಟು ಬಿಸಾಡಿತೆಂದು ಆ್ಯಪಿನಲ್ಲಿ ತೋರಿಸುತ್ತದೆ.

2025ರಲ್ಲಿ ಬಂದ ತಂತ್ರಾಂಶದಲ್ಲಿ ಇದಕ್ಕೆ ಪರಿಹಾರವೂ ಸಿಕ್ಕಿತು. ಯಂತ್ರವನ್ನು ಧ್ರುವದ ಕಡೆಗೆ ವಾಲಿಸಿ ನಿಲ್ಲಿಸಿದರೆ ಚೌಕಟ್ಟು ತಿರುಗುವುದೇ ಇಲ್ಲ. ಜರ್ಮನಿಯವರ ವಿಡಿಯೋದಲ್ಲಿ ಅದು ನೆಟ್ಟಗಿನಿಂದ 40 ಡಿಗ್ರಿಯಷ್ಟು ಬಾಗಿದಂತೆ ನಿಂತಿರುತ್ತದೆ. ತಿಪಟೂರಿನಲ್ಲಿ ವಾಲಿಸಬೇಕಾದದ್ದು ನೆಟ್ಟಗಿನಿಂದ 77 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಮಲಗಿಸಿಬಿಡಬೇಕು. ಎರಡೂವರೆ ಕಿಲೋ ಭಾರ ಟ್ರೈಪಾಡಿನ ಆಚೆಗೆ ತೂಗಿ ನಿಲ್ಲುತ್ತದೆ. ಜೊತೆಗೆ ಕೊಟ್ಟಿರುವ ಪುಟ್ಟ ಟ್ರೈಪಾಡಿಗೆ ವಾಲುವ ತಲೆಯೂ ಇಲ್ಲ, ಈ ಭಾರವನ್ನು ಹೊರುವ ಅಗಲವೂ ಇಲ್ಲ. ನನ್ನ ಬಳಿ ಮದುವೆ ವಿಡಿಯೋದ ದೊಡ್ಡ ಟ್ರೈಪಾಡೂ ಅದರ ವಾಲುವ ತಲೆಯಾದ ಫ್ಲೂಯಿಡ್ ಹೆಡ್ಡೂ ಇದ್ದವು. ಭಾರ ಬೀಳುವ ಉತ್ತರ ದಿಕ್ಕಿಗೆ ಒಂದು ಕಾಲು ಬರುವಂತೆ ನಿಲ್ಲಿಸಿ, ನಡುವಿನ ಕೊಕ್ಕೆಗೆ ನಾಲ್ಕು ಸುಲಿದ ಕಾಯಿಗಳನ್ನು ಚೀಲದಲ್ಲಿ ಕಟ್ಟಿ ತೂಗುಬಿಡುತ್ತೇನೆ. ಆಮೇಲೆ ಆ್ಯಪೇ ಹೇಳುತ್ತದೆ, ಇಷ್ಟು ಎತ್ತು, ಅಷ್ಟು ಎಡಕ್ಕೆ ತಿರುಗಿಸು ಎಂದು. ಧ್ರುವ ನಕ್ಷತ್ರ ಗರಿಗಳ ಹಿಂದೆ ಇದ್ದರೂ ನಡೆಯುತ್ತದೆ. ಹತ್ತು ನಿಮಿಷದ ಕೆಲಸ, ಮಾಡಿದರೆ ಸಾರ್ಥಕ. ವಿಡಿಯೋ ಟ್ರೈಪಾಡು ಇಲ್ಲದವರು ಅದರ ಖರ್ಚನ್ನೂ ಯಂತ್ರದ ಬೆಲೆಗೇ ಸೇರಿಸಿಕೊಳ್ಳಬೇಕು.

ನಮ್ಮ ಅಕ್ಷಾಂಶದ ಇನ್ನೊಂದು ತಮಾಷೆಯೂ ಇದೆ. ಕನ್ಯಾ ರಾಶಿಯ ಗೆಲಾಕ್ಸಿಗಳ ದೊಡ್ಡ ಗುಂಪು, ಎಂ99, ಎಂ100, ಎಂ90 ಮುಂತಾದ ಸುರುಳಿಗಳೆಲ್ಲ, ಕರ್ನಾಟಕದಲ್ಲಿ ಸರಿಯಾಗಿ ನೆತ್ತಿಯ ಮೇಲೆ ಹಾಯುತ್ತವೆ. ಗಾಳಿಯ ಪದರ ತೀರಾ ತೆಳುವಾಗಿರುವ ಜಾಗ, ಫೋಟೊಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅಡ್ಡ ಮತ್ತು ಮೇಲೆ ಸರಿಯುವ ಯಾವುದೇ ಯಂತ್ರಕ್ಕೂ ನೆತ್ತಿಯ ಬಿಂದುವೇ ಕಂಟಕ. ಅಲ್ಲಿ ವಸ್ತುವನ್ನು ಹಿಂಬಾಲಿಸಲು ಕ್ಷಣಾರ್ಧದಲ್ಲಿ ಅರ್ಧ ಸುತ್ತು ತಿರುಗಬೇಕಾಗುತ್ತದೆ. ಅವು ಪೂರ್ವದಲ್ಲಿ ಏರುವಾಗಲೋ ಪಶ್ಚಿಮಕ್ಕೆ ಇಳಿಯುವಾಗಲೋ ತೆಗೆದುಕೊಳ್ಳಬೇಕು. ನೇರ ಪೂರ್ವ, ನೇರ ಪಶ್ಚಿಮದಲ್ಲಿ ಚೌಕಟ್ಟು ತಿರುಗುವುದೂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಅದೊಂದು ಸಮಾಧಾನ.

ಯಂತ್ರದೊಳಗೆ ಬೀದಿದೀಪಗಳ ಬೆಳಕನ್ನು ತಡೆಯುವ ಫಿಲ್ಟರಿದೆ. ಅದು ಜಲಜನಕ ಮತ್ತು ಆಮ್ಲಜನಕ ಸೂಸುವ ಬಣ್ಣಗಳನ್ನು ಮಾತ್ರ ಒಳಗೆ ಬಿಡುತ್ತದೆ. ಮಹಾವ್ಯಾಧ ನೀಹಾರಿಕೆಗೆ ಬಹಳ ಚೆನ್ನ, ಗೆಲಾಕ್ಸಿಗೆ ಬೇಡ. ಗೆಲಾಕ್ಸಿಯ ಬೆಳಕು ಕೋಟ್ಯಂತರ ನಕ್ಷತ್ರಗಳ ಎಲ್ಲ ಬಣ್ಣಗಳ ಬೆಳಕು. ಫಿಲ್ಟರು ಹಾಕಿದರೆ ಬೀದಿದೀಪದ ಜೊತೆಗೆ ಅದನ್ನೂ ಹೊರಗೆ ನಿಲ್ಲಿಸಿದಂತಾಗುತ್ತದೆ.

ಆ್ಯಪಿನಲ್ಲಿ ಎಐ ಡಿನಾಯ್ಸ್ ಎಂಬ ಗುಂಡಿಯೂ ಇದೆ. ಒತ್ತಿದರೆ ಕಾಳು ಕಾಳಾಗಿದ್ದ ಹಿನ್ನೆಲೆ ರೇಷ್ಮೆಯಾಗುತ್ತದೆ. ಮದುಮಗಳ ಮುಖದ ಮೊಡವೆಯ ಜೊತೆಗೆ ಕೆನ್ನೆಯ ಮಚ್ಚೆಯನ್ನೂ ಅಳಿಸಿಹಾಕುವ ತಂತ್ರಾಂಶಗಳ ಜೊತೆ ದಿನವೂ ಹೆಣಗುವವನಿಗೆ ಇದರ ಮೇಲೆ ನಂಬಿಕೆ ಹುಟ್ಟುವುದು ಕಷ್ಟ. ನನ್ನ ಅಭಿಪ್ರಾಯದಲ್ಲಿ ಮಸುಕಾದ ತೋಳು ನಿಜವಾಗಿ ಎಲ್ಲಿ ಮುಗಿಯುತ್ತದೆ ಎಂದು ತೋರಿಸುವುದು ಆ ಕಾಳುಗಳೇ. ಅದರ ಬದಲು ಸೆಟ್ಟಿಂಗಿನಲ್ಲಿ ಒಂದೊಂದು ಚಿತ್ರವನ್ನೂ ಬೇರೆಯಾಗಿ ಉಳಿಸುವ ಆಯ್ಕೆಯನ್ನು ಆನ್ ಮಾಡಿಡಿ. ಒಂದು ಚಿತ್ರ ನಾಲ್ಕು ಎಂಬಿ ಚಿಲ್ಲರೆ; ಹತ್ತು ಸೆಕೆಂಡಿನವು ಗಂಟೆಗೆ 360, ಒಂದೂವರೆ ಜಿಬಿ. ಮರುದಿನ ಅವನ್ನು ಕಂಪ್ಯೂಟರಿಗೆ ಹಾಕಿಕೊಂಡು ಸಿರಿಲ್ ಎಂಬ ಉಚಿತ ತಂತ್ರಾಂಶದಲ್ಲಿ ಕೂಡಿಸಬಹುದು, ಗ್ರಾಕ್ಸ್‌ಪರ್ಟ್ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಊರಿನ ಕಡೆಯ ಆಕಾಶದ ಹೊಳಪನ್ನು ಕಳೆಯಬಹುದು. ಯಂತ್ರ ತಾನೇ ಕೂಡಿಸಿ ಕೊಡುವ ಚಿತ್ರಕ್ಕೂ ಹೀಗೆ ಕೈಯಾರೆ ಮಾಡಿದ ಚಿತ್ರಕ್ಕೂ ಅಜಗಜಾಂತರ, ಮುಖ್ಯವಾಗಿ ಗುಲಾಬಿ ಚುಕ್ಕಿಗಳಲ್ಲಿ.

ಹಳೆಯ ಚಿತ್ರಗಳನ್ನು ಅಳಿಸಬೇಡಿ. ಎಂ83ರಲ್ಲಿ 1923ರಿಂದ 1983ರವರೆಗೆ ಆರು ಸೂಪರ್‌ನೋವಾಗಳು, ಅಂದರೆ ಸಿಡಿದು ಬೆಳಗುವ ನಕ್ಷತ್ರಗಳು, ಕಂಡಿವೆ, ಆಮೇಲೆ ಅದು ಸುಮ್ಮನಿದೆ. 2023ರ ಮೇ ತಿಂಗಳಲ್ಲಿ ಎಂ101ರಲ್ಲಿ ಸಿಡಿದ ಸೂಪರ್‌ನೋವಾವನ್ನು ಮೊದಲು ಕಂಡುಹಿಡಿದದ್ದು ಕೊಯಿಚಿ ಇತಗಾಕಿ ಎಂಬ ಜಪಾನಿನ ಹವ್ಯಾಸಿ. ಹಳೆಯ ಚಿತ್ರ ಕೈಯಲ್ಲಿದ್ದವನಿಗೆ ಮಾತ್ರ ಹೊಸ ಚುಕ್ಕೆ ಹೊಸದೆಂದು ಗೊತ್ತಾಗುವುದು.

ಹಾಸನದ ಕಡೆಯ ಗೆಳೆಯರೊಬ್ಬರು ಎಂಟು ಇಂಚಿನ ನ್ಯೂಟೋನಿಯನ್ ಎಂಬ ಕನ್ನಡಿ ದೂರದರ್ಶಕ ಮತ್ತು ಸೆನ್ಸರನ್ನು ತಂಪು ಮಾಡುವ ಕ್ಯಾಮೆರಾ ಇಟ್ಟುಕೊಂಡಿದ್ದಾರೆ. ಅಕ್ಕಪಕ್ಕದಲ್ಲಿ ಇಟ್ಟು ಒಂದೇ ರಾತ್ರಿ ಎಂ83 ತೆಗೆದೆವು. ಗಾಜಿನ ವಿಸ್ತೀರ್ಣದಲ್ಲಿ ಅವರದ್ದು ನನ್ನದರ ಹದಿನಾರು ಪಟ್ಟು, ಅವರ ಚಿತ್ರದಲ್ಲಿ ಗೆಲಾಕ್ಸಿಯ ಅಗಲ ಸಾವಿರ ಪಿಕ್ಸೆಲ್. ತೋಳುಗಳ ಒಳಅಂಚಿನ ಕಪ್ಪು ಧೂಳಿನ ಗೆರೆಗಳು ನನ್ನದರಲ್ಲಿ ಇಲ್ಲವೇ ಇಲ್ಲ, ಅವರದ್ದರಲ್ಲಿ ಎಳೆ ಎಳೆಯಾಗಿ ಇವೆ. ಪೈಪೋಟಿಯ ಮಾತೇ ಇಲ್ಲ. ಆದರೆ ಅವರ ಸಾಮಾನು ಲಕ್ಷಗಳ ಲೆಕ್ಕದ್ದು, ಕಾರಿನ ಹಿಂದಿನ ಸೀಟು ತುಂಬುತ್ತದೆ. ಇಷ್ಟು ಕೆಳಗಿನ ಅಕ್ಷಾಂಶಕ್ಕೆ ಇಳಿಸಿದ ಅವರ ಮೌಂಟಿನ, ಅಂದರೆ ದೂರದರ್ಶಕವನ್ನು ಹೊತ್ತು ತಿರುಗಿಸುವ ತಲೆಯ, ತೂಕದ ಗುಂಡು ಟ್ರೈಪಾಡಿನ ಕಾಲಿಗೆ ತಾಗುತ್ತದೆ, ಧ್ರುವ ನಕ್ಷತ್ರ ನೋಡುವುದಕ್ಕೆ ಅವರು ನೆಲದ ಮೇಲೆ ಮೊಣಕಾಲೂರಬೇಕು. ಅವರು ಮೊದಲ ಚಿತ್ರ ತೆಗೆಯುವ ಹೊತ್ತಿಗೆ ನನ್ನದು ಒಂದು ಗಂಟೆಯಷ್ಟು ಬೆಳಕು ಕೂಡಿಸಿಯಾಗಿತ್ತು. ಮಾವ ಇಬ್ಬರದನ್ನೂ ನೋಡಿ, "ಅವರದ್ದು ಚೆನ್ನಾಗಿದೆ, ನಿಮ್ಮದು ಬೇಗ ಆಯಿತು" ಎಂದರು. ಇದಕ್ಕಿಂತ ಚಿಕ್ಕ ವಿಮರ್ಶೆ ನನಗೆ ಸಾಧ್ಯವಿಲ್ಲ.

ಇದೇ ಕಂಪನಿಯ ಎಸ್30 ಇನ್ನೂ ಚಿಕ್ಕದು, ಅಗ್ಗ. ಅದರ ಫೋಕಲ್ ಲೆಂತ್ 150 ಮಿಲಿಮೀಟರ್. ಎಂ83 ಅದರಲ್ಲಿ ಇನ್ನೂರು ಪಿಕ್ಸೆಲ್ಲಿಗಿಂತ ಕೆಳಗೆ ಇಳಿಯುತ್ತದೆ. ಇಂಥದೇ ಇನ್ನೊಂದು ಯಂತ್ರ ಡ್ವಾರ್ಫ್ 3ರದ್ದೂ 150 ಮಿಲಿಮೀಟರೇ, ಗಾಜು 35 ಮಿಲಿಮೀಟರ್. ಅಗಲವಾದ ನೀಹಾರಿಕೆಗಳಿಗೆ ಅವು ಸರಿ. ಗೆಲಾಕ್ಸಿಯೇ ಬೇಕೆನ್ನುವವರು ಎಸ್50ಕ್ಕಿಂತ ಕೆಳಗೆ ಇಳಿಯಬಾರದು.

ನನ್ನ ವೃತ್ತಿಗೆ ಹೊಂದುವ ತಿಂಗಳೆಂದರೆ ಧನುರ್ಮಾಸ. ಮದುವೆಗಳಿಲ್ಲ, ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಚಳಿಗೆ ಸೆನ್ಸರಿನ ನಾಯ್ಸೂ ಕಡಿಮೆ, ಏಕೆಂದರೆ ಇದರಲ್ಲಿ ಸೆನ್ಸರನ್ನು ತಂಪು ಮಾಡುವ ವ್ಯವಸ್ಥೆಯಿಲ್ಲ. ಸಂಜೆ ಏಳಕ್ಕೇ ಎನ್‌ಜಿಸಿ 253 ಎಂಬ ಗೆಲಾಕ್ಸಿ ದಕ್ಷಿಣದಲ್ಲಿ 50 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. 1783ರಲ್ಲಿ ಕ್ಯಾರೊಲಿನ್ ಹರ್ಷೆಲ್ ಕಂಡುಹಿಡಿದ ಸುರುಳಿ ಅದು. ಓರೆಯಾಗಿ ಮಲಗಿದೆ, ಎಂ83ಕ್ಕಿಂತ ಎರಡು ಪಟ್ಟು ಉದ್ದ, ಅರ್ಧ ಗಂಟೆಯಲ್ಲೇ ಅದರ ಮೈಮೇಲಿನ ಮಚ್ಚೆಗಳು ಕಾಣತೊಡಗುತ್ತವೆ. ಹೊಸಬರು ಅಲ್ಲಿಂದ ಶುರು ಮಾಡಲಿ. ಎಂ33 ಗೆಲಾಕ್ಸಿ ಸೀಸ್ಟಾರಿನ ಚೌಕಟ್ಟಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಹಿಡಿಸುತ್ತದೆ. ಆಂಡ್ರೊಮೀಡಾ ಗೆಲಾಕ್ಸಿ ಹಿಡಿಸುವುದಿಲ್ಲ, ಮೊಸಾಯಿಕ್ ಮಾಡಬೇಕು, ಅಂದರೆ ತುಂಡು ತುಂಡಾಗಿ ತೆಗೆದು ಜೋಡಿಸಬೇಕು.

ಚಳಿಗಾಲದ ತೋಟದಲ್ಲಿ ಇಬ್ಬನಿ ಧಾರಾಕಾರ. ಲೆನ್ಸಿನ ಹೀಟರು ಆನ್ ಇರಲೇಬೇಕು, ಅದು ಬ್ಯಾಟರಿ ತಿನ್ನುತ್ತದೆ. ಕಂಪನಿ ಹೇಳುವ ಆರು ಗಂಟೆ ಹೀಟರಿಲ್ಲದ ಲೆಕ್ಕ ಎಂದುಕೊಂಡು ಮೊಬೈಲಿನ ಪವರ್‌ಬ್ಯಾಂಕನ್ನೇ ಟೈಪ್-ಸಿ ತಂತಿಯಲ್ಲಿ ಸಿಕ್ಕಿಸಿ ಬಿಡುವುದು ಜಾಣತನ. ರಾತ್ರಿ ಮೂರು ಫೇಸ್ ಕರೆಂಟು ಬಂದಾಗ ಪಕ್ಕದ ತೋಟಗಳಲ್ಲಿ ಮೋಟರಿನ ಜೊತೆ ದೀಪವೂ ಹತ್ತುತ್ತದೆ. ಅದಕ್ಕಾಗಿ ನನ್ನ ಕಣದ ಒಂದು ಬದಿಗೆ ಅಡಿಕೆ ಚೀಲದ ಪರದೆ ಕಟ್ಟಿದ್ದೇನೆ. ನಕ್ಷತ್ರ ವೀಕ್ಷಣೆಯ ಹೆಸರಿನಲ್ಲಿ ದುಡ್ಡು ತೆಗೆದುಕೊಳ್ಳುವ ಮಲೆನಾಡಿನ ಒಂದು ಹೋಂಸ್ಟೇಗೂ ಹೋಗಿದ್ದೆ. ಅಂಗಳದ ಸುತ್ತ ಸಾಲಾಗಿ ಎಲ್‌ಇಡಿ ಗೋಲಗಳು. ಆರಿಸಿ ಎಂದು ಕೇಳಿದರೆ, ಉಳಿದ ಅತಿಥಿಗಳು ಹೆದರುತ್ತಾರೆ ಸಾರ್ ಎಂಬ ಉತ್ತರ. ಕಾಯ್ದಿರಿಸುವ ಮುಂಚೆ ದೀಪ ಆರಿಸುತ್ತೀರಾ ಎಂದು ಫೋನಿನಲ್ಲೇ ಕೇಳಿಕೊಳ್ಳಿ.

ಕೊಳ್ಳುವಾಗ ಬಿಲ್ಲು ಮತ್ತು ಭಾರತದಲ್ಲೇ ರಿಪೇರಿ ಆಗುವ ವಾರಂಟಿ ಎರಡನ್ನೂ ಬರವಣಿಗೆಯಲ್ಲಿ ಪಡೆಯಿರಿ. ವಿದೇಶದಿಂದ ನೆಂಟರ ಕೈಲಿ ತರಿಸಿದರೆ ಒಂದಷ್ಟು ಉಳಿಯಬಹುದು, ಕೆಟ್ಟಾಗ ಮತ್ತೆ ಅದೇ ನೆಂಟರನ್ನು ಹುಡುಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದಕ್ಕೆ ಕೆಲಸವಿಲ್ಲ. ಆ ನಾಲ್ಕು ತಿಂಗಳು ಪೆಟ್ಟಿಗೆಯೊಳಗೇ ಬಿಟ್ಟರೆ ಗಾಜಿಗೆ ಫಂಗಸ್ ಹಿಡಿಯುತ್ತದೆ, ಮಳೆಗಾಲದಲ್ಲಿ ಲೆನ್ಸು ಕಳೆದುಕೊಂಡ ಯಾವ ಫೋಟೊಗ್ರಾಫರನ್ನು ಬೇಕಾದರೂ ಕೇಳಿ. ನನ್ನದು ಸ್ಟುಡಿಯೋದ ಡ್ರೈ ಕ್ಯಾಬಿನೆಟ್ಟಿನಲ್ಲಿ ಮದುವೆ ಲೆನ್ಸುಗಳ ಪಕ್ಕ ಕೂರುತ್ತದೆ; ಅದಿಲ್ಲದವರು ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ, ತಿಂಗಳಿಗೊಮ್ಮೆ ಅದನ್ನು ಬದಲಿಸಿ, ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಯದಂತೆ ಚಾರ್ಜು ಮಾಡಿಡಿ.